ಅಂಬಾಸಡರ್ ಎಂಜಿನ್ನಿನ ಕಾಲದೋಷ: ಅದರ ಪರೀಕ್ಷಾಕ್ರಮ

ಚರಿತ್ರೆಯ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳು ಮಾತ್ರವಲ್ಲ. ಉಳಿದುಬಂದ ಯಂತ್ರಗಳೂ ಆಕರಗಳೇ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಅಂತಹುದೊಂದು ಆಕರ. ಅದರಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯ ಕಾಲ ತಪ್ಪಿದಾಗ ಅದನ್ನು ಸರಿಯಾಗಿ ನಿರ್ಣಯಿಸದಿದ್ದರೆ ಪಿಸ್ಟನ್ನೇ ಹಾಳಾಗುವ ಸಂಭವವುಂಟು. ಆದಕಾರಣ ಪರೀಕ್ಷೆಯ ಕ್ರಮವನ್ನು ಇಲ್ಲಿ ನಿರೂಪಿಸುತ್ತೇವೆ.

ಇಂಧನವು ಉರಿಯಲು ಸ್ವಲ್ಪ ಕಾಲ ಬೇಕು. ಆದ್ದರಿಂದ ಪಿಸ್ಟನ್ ಮೇಲ್ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನೂ ಮುಂಚಿತವಾಗಿ ಹಾರಬೇಕು. ಕಿಡಿ ಅತಿ ಮುಂಚಿತವಾದರೆ ಏರು ಹತ್ತುವಾಗ ಎಂಜಿನ್ ಕಟಕಟನೆ ಬಡಿಯುತ್ತದೆ. ತಡವಾದರೆ ಬಲ ಕುಂದಿ, ಪೆಟ್ರೋಲ್ ವ್ಯಯ ಹೆಚ್ಚುತ್ತದೆ. ಎಂಜಿನ್ ಕಾಯುವುದು ಎರಡು ಸಂದರ್ಭಗಳಲ್ಲಿಯೂ ಉಂಟಾಗಬಹುದಾದ್ದರಿಂದ ಆ ಒಂದು ಲಕ್ಷಣವನ್ನೇ ನಂಬಲಾಗದು.

ದೋಷ ಕಂಡೊಡನೆ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಸಾಮಾನ್ಯವಾದ ತಪ್ಪು. ಮೊದಲು ಪಾಯಿಂಟುಗಳ ಅಂತರವನ್ನು ಅಳೆಯಬೇಕು. ಅದು ಸುಮಾರು 0.015 ಅಂಗುಲವಿರಬೇಕು. ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ ಕಿಡಿ ತಾನಾಗಿಯೇ ತಡವಾಗುತ್ತದೆ. ಎರಡನೆಯದಾಗಿ, ನಿರ್ವಾತ ಕೊಳವೆಯನ್ನು ಬಾಯಿಂದ ಹೀರಿದಾಗ ಪಾಯಿಂಟಿನ ತಟ್ಟೆ ಚಲಿಸುವುದೋ ಎಂಬುದನ್ನು ನೋಡಬೇಕು. ಚಲಿಸದಿದ್ದರೆ ಒಳಗಿನ ಪೊರೆ ಹರಿದಿರಬಹುದು ಅಥವಾ ತಟ್ಟೆ ಬಿಗಿದುಕೊಂಡಿರಬಹುದು. ಆಮೇಲೆಯೇ ಆ ಕೊಳವೆಯನ್ನು ಕಳಚಿ, ಮಂದಗತಿಯಲ್ಲಿ ಟೈಮಿಂಗ್ ಲೈಟಿನಿಂದ ಪುಲ್ಲಿಯ ಗುರುತನ್ನು ಪರೀಕ್ಷಿಸತಕ್ಕದ್ದು. ಎಂಜಿನ್ನಿನ ವೇಗವನ್ನು ಹೆಚ್ಚಿಸಿದಾಗ ಗುರುತು ಸರಿಯದಿದ್ದರೆ ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ಬಿಲ್ಲೆಗಳು ಜಡ್ಡುಗಟ್ಟಿವೆಯೆಂದು ಊಹಿಸಬಹುದು.

ಗುರುತು ನಿಲ್ಲದೆ ನಡುಗಿದರೆ ಸವೆತವನ್ನು ಶಂಕಿಸಬೇಕು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್ ದಂಡದಿಂದ. ಕ್ಯಾಮ್ ದಂಡ ತಿರುಗುವುದು ಟೈಮಿಂಗ್ ಚೈನಿನಿಂದ. ಚೈನು ಸಡಿಲವಾದರೆ ಕಿಡಿಯೂ ವಾಲ್ವುಗಳೂ ಒಟ್ಟಿಗೆ ಕಾಲ ತಪ್ಪುವುವು. ಎಂಜಿನ್ ನಿಂತಿರುವಾಗ ಕ್ರ್ಯಾಂಕ್ ದಂಡವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ರೋಟರ್ ಎಷ್ಟು ತಡವಾಗಿ ಅನುಸರಿಸುತ್ತದೆ ಎಂಬುದನ್ನು ಗಮನಿಸಿದರೆ ಸಡಿಲಿಕೆ ವ್ಯಕ್ತವಾಗುತ್ತದೆ. ಆಗ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ದೋಷವನ್ನು ಮರೆಮಾಡುವುದೇ ಹೊರತು ನಿವಾರಿಸುವುದಲ್ಲ.

ಕೊನೆಯದಾಗಿ, ಹಳೆಯ ಕೈಪಿಡಿಯ ಅಂಕಿಯೂ ಒಂದು ಕಾಲಬದ್ಧ ದಾಖಲೆಯೇ. ಅದು ಅಂದಿನ ಪೆಟ್ರೋಲಿಗೆ ಹೇಳಿದ ಮಾತು. ಇಂದಿನ ಸೀಸರಹಿತ, ಎಥನಾಲ್ ಬೆರೆತ ಪೆಟ್ರೋಲಿನ ಗುಣ ಬೇರೆ. ಆದುದರಿಂದ ಆ ಅಂಕಿಯಿಂದ ಆರಂಭಿಸಿ, ಏರಿನಲ್ಲಿ ಓಡಿಸಿ ನೋಡಿ, ಒಂದು ಸಲಕ್ಕೆ ಒಂದನ್ನೇ ಅಲ್ಪಾಲ್ಪವಾಗಿ ಬದಲಿಸಿ, ಪ್ರತಿಯೊಂದು ಬದಲಾವಣೆಯನ್ನೂ ಬರೆದಿಡುವುದು ಯುಕ್ತ. ಯಾವ ಆಕರವನ್ನೇ ಆಗಲಿ, ಪರೀಕ್ಷಿಸುವ ಮೊದಲೇ ತಿದ್ದತೊಡಗಿದರೆ ಸಾಕ್ಷ್ಯವೇ ಅಳಿದುಹೋಗುತ್ತದೆ.