ಮೇಜಿನ ಮೇಲೆ ಗುಂಡು ತುಂಬುವ ಯಂತ್ರ: ವಿಡಿಯೊ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಮನೆಯ ಮೇಜಿಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಯಂತ್ರ. ಅದಕ್ಕೊಂದು ಉದ್ದನೆಯ ಹಿಡಿಕೆ. ಹಿಡಿಕೆ ಎಳೆದಂತೆಲ್ಲ ಮೇಲಿನ ದುಂಡು ತಲೆ ಟಕ್ ಎಂದು ತಿರುಗುತ್ತದೆ. ನಾಲ್ಕೈದು ಬಾರಿ ಎಳೆದ ಮೇಲೆ ಹಿತ್ತಾಳೆ ಬಣ್ಣದ ಹೊಳೆಯುವ ಗುಂಡೊಂದು ಪಕ್ಕದ ಡಬ್ಬಿಗೆ ಬೀಳುತ್ತದೆ. ಇಂಥ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅವುಗಳಿಂದ ಅರ್ಧ ನಿಮಿಷ ಕತ್ತರಿಸಿ, ದನಿ ತೆಗೆದು, 'ಇಂಥ ಊರಿನ ಇಂಥವರ ಮನೆಯಲ್ಲಿ ಗುಂಡು ತಯಾರಾಗುತ್ತಿದೆ, ಎಲ್ಲರಿಗೂ ಕಳಿಸಿ' ಎಂದು ಒಂದು ಸಾಲು ಸೇರಿಸಿದರೆ ಸಾಕು, ಫಾರ್ವರ್ಡ್ ಸಿದ್ಧ.

ಆ ಯಂತ್ರ ಯಾವುದು? ಅದು ನಿಜಕ್ಕೂ ಗುಂಡು ತಯಾರಿಸುತ್ತದೆಯೇ? ನಮ್ಮ ದೇಶದಲ್ಲಿ ಕಾನೂನು ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಮೊದಲು: 'ಗುಂಡು' ಎಂದರೆ ಯಾವುದು?

ಪತ್ರಿಕೆಗಳಲ್ಲಿ 'ಐದು ಸಜೀವ ಗುಂಡು ವಶ' ಎಂದು ಓದುತ್ತೇವೆ. ಅಲ್ಲಿ ಗುಂಡು ಎಂದರೆ ಇಡೀ ತೋಟಾ. ತೋಟಾದಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೂರುವ ಪುಟ್ಟ ಕೇಪು, ಒಳಗಿನ ಮದ್ದು, ತುದಿಯಲ್ಲಿ ಕೂರುವ ಗುಂಡು. ಕುದುರೆ ಎಳೆದಾಗ ಕೋವಿಯೊಳಗಿನ ಮೊಳೆ ಕೇಪಿಗೆ ಬಡಿಯುತ್ತದೆ, ಕೇಪು ಕಿಡಿ ಉಗುಳುತ್ತದೆ, ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡ ಗುಂಡನ್ನು ನಳಿಗೆಯಿಂದ ಆಚೆ ತಳ್ಳುತ್ತದೆ.

ಇಷ್ಟಾದ ಮೇಲೆ ಗುಂಡು ಹೋಯಿತು, ಮದ್ದು ಸುಟ್ಟಿತು, ಕೇಪು ಕೆಟ್ಟಿತು. ಹಿತ್ತಾಳೆಯ ಕೋಶ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಈ ಕೋಶದ್ದೇ. ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುವುದಕ್ಕೆ 'ರೀಲೋಡಿಂಗ್' ಎನ್ನುತ್ತಾರೆ. ವಿಡಿಯೊದಲ್ಲಿ ನಡೆಯುವುದು ಇದು.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಮದ್ದು ಉರಿದಾಗ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಒತ್ತಡ ಇಳಿದ ಮೇಲೆ ತುಸು ಕುಗ್ಗುತ್ತದೆ. ಆದರೆ ಪೂರ್ತಿ ಮೊದಲಿನ ಅಳತೆಗೆ ಬರುವುದಿಲ್ಲ. ಹಾಗಾಗಿ ಮೊದಲು ಅದನ್ನು ಒಂದು ಉಕ್ಕಿನ ಅಚ್ಚಿನೊಳಗೆ ಒತ್ತಿ ಸರಿಯಾದ ಅಳತೆಗೆ ತರಬೇಕು. ಆಮೇಲಿನ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಅಚ್ಚು ಬೇಕು. ಒಂದೇ ಅಚ್ಚು ಹಿಡಿಯುವ ಸಾದಾ ಯಂತ್ರದಲ್ಲಿ ಪ್ರತಿ ಬಾರಿ ಅಚ್ಚು ಬದಲಿಸಬೇಕಾಗುತ್ತದೆ. 'ಟರೆಟ್ ಪ್ರೆಸ್'ನಲ್ಲಿ ಎಲ್ಲ ಅಚ್ಚುಗಳೂ ಮೇಲಿನ ದುಂಡು ತಲೆಯಲ್ಲಿ ಕೂತಿರುತ್ತವೆ. ತಲೆ ತಿರುಗಿದಂತೆ ಮುಂದಿನ ಅಚ್ಚು ಕೋಶದ ಮೇಲೆ ಬಂದು ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ.

ಅಂದರೆ ಈ ಯಂತ್ರ ಜೋಡಿಸುತ್ತದೆ, ಸೃಷ್ಟಿಸುವುದಿಲ್ಲ. ಹಿತ್ತಾಳೆ ಕೋಶ, ಕೇಪು, ಮದ್ದು ಯಾವುದೂ ಇದರಲ್ಲಿ ತಯಾರಾಗುವುದಿಲ್ಲ. 'ಕಬ್ಬಿಣ ಹಾಕಿದರೆ ಗುಂಡು ಬರುತ್ತದೆ' ಎಂಬ ಮಾತು ಸುಳ್ಳು.

ಯಾರು ಇದನ್ನು ಮಾಡುತ್ತಾರೆ?

ಅಮೆರಿಕದಲ್ಲಿ ಇದು 19ನೇ ಶತಮಾನದಿಂದ ಬಂದ ಅಭ್ಯಾಸ. ಅಂಗಡಿಯಿಂದ ದೂರ ತಿಂಗಳುಗಟ್ಟಲೆ ಇರುತ್ತಿದ್ದ ಬೇಟೆಗಾರರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಇಂದು ಗುರಿ ಹೊಡೆಯುವ ಸ್ಪರ್ಧಿಗಳು, ಬೇಟೆಗಾರರು, ಅಂಗಡಿಯಲ್ಲಿ ಸಿಗದ ಹಳೆಯ ಅಳತೆಯ ಕೋವಿ ಇಟ್ಟುಕೊಂಡವರು ಇದನ್ನು ಮಾಡುತ್ತಾರೆ. ಪ್ರತಿ ತೋಟಾವೂ ಒಂದೇ ತೂಕ, ಒಂದೇ ಅಳತೆಯಲ್ಲಿದ್ದರೆ ಗುರಿ ತಪ್ಪುವುದು ಕಡಿಮೆ ಎಂಬುದು ಸ್ಪರ್ಧಿಗಳ ಲೆಕ್ಕ.

ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನಂತೆ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ, ಮಾರಲು ಬೇಕು. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಜರ್ಮನಿಯಲ್ಲಿ ಇದಕ್ಕೆ ತರಬೇತಿ ಪಡೆದು, ಸ್ಫೋಟಕ ಕಾಯ್ದೆಯಡಿ ಅನುಮತಿ ತೆಗೆದುಕೊಳ್ಳಬೇಕು.

'ಇಷ್ಟೇನಾ? ನಾನೂ ಮಾಡಬಲ್ಲೆ' ಅನಿಸಿತೇ?

ವಿಡಿಯೊದಲ್ಲಿ ಸುಲಭವಾಗಿ ಕಾಣುತ್ತದೆ. ಅಪಾಯ ಕಾಣುವುದಿಲ್ಲ.

ಕಾರಿನ ಟೈರಿನಲ್ಲಿ ಪ್ರತಿ ಚದರ ಇಂಚಿಗೆ ಸುಮಾರು 32 ಪೌಂಡ್ ಒತ್ತಡದ ಗಾಳಿ ತುಂಬಿಸುತ್ತೇವೆ. 9 ಎಂಎಂ ಪಿಸ್ತೂಲಿನ ತೋಟಾಗೆ ಅಮೆರಿಕದ ಮಾನಕ ಸಂಸ್ಥೆ ನಿಗದಿ ಮಾಡಿರುವ ಗರಿಷ್ಠ ಒತ್ತಡ 35,000 ಪೌಂಡ್. ಟೈರಿನ ಸಾವಿರ ಪಟ್ಟಿಗೂ ಹೆಚ್ಚು! ಇದು ನಡೆಯುವುದು ಕೋವಿ ಹಿಡಿದವರ ಮುಖದಿಂದ ಒಂದೆರಡು ಅಡಿ ದೂರದಲ್ಲಿ.

ಮದ್ದನ್ನು ತೂಗುವುದು 'ಗ್ರೇನ್' ಎಂಬ ಅಳತೆಯಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಅಂದರೆ ಒಂದು ಗ್ರೇನ್ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಕೈಕೋವಿಯ ತೋಟಾದಲ್ಲಿ ಇಷ್ಟು ಚಿಕ್ಕ ವ್ಯತ್ಯಾಸವೂ ಒತ್ತಡವನ್ನು ಮಿತಿ ಮೀರಿಸಬಹುದು.

ಇದಕ್ಕಿಂತ ಭಯಾನಕವಾದದ್ದು ಎರಡು ಬಾರಿ ಮದ್ದು ಬೀಳುವುದು. ರಿವಾಲ್ವರಿನ .38 ಸ್ಪೆಷಲ್ ತೋಟಾ ಹುಟ್ಟಿದ್ದು ಕಪ್ಪು ಮದ್ದಿನ ಕಾಲದ ಕೊನೆಯಲ್ಲಿ. ಕಪ್ಪು ಮದ್ದಿಗೆ ಜಾಗ ಹೆಚ್ಚು ಬೇಕು, ಹಾಗಾಗಿ ಅದರ ಕೋಶ ಉದ್ದ. ಇಂದಿನ ಹೊಗೆರಹಿತ ಮದ್ದು ಆ ಕೋಶದ ಸ್ವಲ್ಪ ಭಾಗವನ್ನಷ್ಟೇ ತುಂಬುತ್ತದೆ. ಗಮನ ಬೇರೆಡೆ ಹೋಗಿ ಎರಡನೇ ಬಾರಿ ಮದ್ದು ಬಿದ್ದರೂ ಕೋಶ ಉಕ್ಕಿ ಚೆಲ್ಲುವುದಿಲ್ಲ, ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಕೋವಿ ಸಿಡಿದಾಗ. ಮದ್ದು ಬೀಳದೇ ಹೋದರೂ ಅಪಾಯವೇ. ಕೇಪಿನ ಶಕ್ತಿಯೊಂದರಿಂದಲೇ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಒಡೆಯಬಹುದು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಸೀಸ. ಅನೇಕ ಗುಂಡುಗಳು ಸೀಸದವು. ಸಾಮಾನ್ಯ ಕೇಪಿನ ರಾಸಾಯನಿಕದಲ್ಲೂ ಸೀಸವಿದೆ. ಹಾರಿಸಿದ ಕೋಶಗಳನ್ನು ಉಜ್ಜಿ ಹೊಳಪು ಕೊಡುವಾಗ ಏಳುವ ದೂಳಿನಲ್ಲಿ ಅದು ಇರುತ್ತದೆ. ಕೈಗೆ, ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತದೆ. ಸೀಸ ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂಬ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಹೊಡೆತ ಹೆಚ್ಚು ಬೀಳುವುದು ಮಕ್ಕಳ ಬೆಳೆಯುವ ಮೆದುಳಿಗೆ.

ನಮ್ಮ ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರಂತೆ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು, ಮಾರುವುದು ಅಪರಾಧ. ತೋಟಾದ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರವೂ 'ಮದ್ದುಗುಂಡು' ಎಂಬ ವ್ಯಾಖ್ಯಾನದೊಳಗೇ ಬರುತ್ತವೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಮತ್ತು ದಂಡ ಇದೆ. 'ಹವ್ಯಾಸಕ್ಕೆ ಮಾಡಿದೆ' ಎಂಬ ಉತ್ತರ ನಡೆಯುವುದಿಲ್ಲ.

'ಹಾಗಾದರೆ ಕೊಡಗಿನವರಿಗೆ?' ಎಂದು ಕೇಳುವವರಿದ್ದಾರೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದಲು ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಇರುವುದು ಹೊಂದುವುದಕ್ಕೆ. ಮದ್ದುಗುಂಡು ತಯಾರಿಸುವ ಕಾರ್ಖಾನೆ ತೆರೆಯುವುದಕ್ಕಲ್ಲ.

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರಿಗೂ ಒಂದು ಮಾತು. ತೋಟಾವನ್ನು, ಅದು ಖಾಲಿ ಕೋಶದ ಕೀ ಚೈನ್ ಆದರೂ ಸರಿ, ನೆನಪಿಗೆಂದು ಬ್ಯಾಗಿಗೆ ಹಾಕಿಕೊಳ್ಳಬೇಡಿ. ಬ್ಯಾಗಿನಲ್ಲಿ ಒಂದೇ ಒಂದು ತೋಟಾ ಸಿಕ್ಕಿ, 'ಅದು ಅಲ್ಲಿರುವುದೇ ತಿಳಿದಿರಲಿಲ್ಲ' ಎಂದು ನ್ಯಾಯಾಲಯದವರೆಗೆ ಅಲೆದವರು ಅನೇಕರಿದ್ದಾರೆ.

ಫಾರ್ವರ್ಡ್ ಬಂದರೆ ಏನು ಮಾಡಬೇಕು?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 'ಮಕ್ಕಳ ಕಳ್ಳರು' ಎಂಬ ವಾಟ್ಸ್‌ಆ್ಯಪ್ ವದಂತಿಯಿಂದ ರೊಚ್ಚಿಗೆದ್ದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅವರು ಮಾಡಿದ ತಪ್ಪು, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸುವ ಮಿತಿ ತರುವುದಾಗಿ ಹೇಳಿತು. 'ಆ ಮನೆಯಲ್ಲಿ ಗುಂಡು ತಯಾರಾಗುತ್ತಿದೆ' ಎಂಬ ಸಾಲು 'ಮಕ್ಕಳ ಕಳ್ಳರು' ಎಂಬ ಮಾತಿಗಿಂತ ಸೌಮ್ಯವೇನಲ್ಲ.

ಆದ್ದರಿಂದ:

- ವಿಡಿಯೊವನ್ನು ನಿಲ್ಲಿಸಿ ನೋಡಿ. ಮೇಜಿನ ಮೇಲಿನ ಡಬ್ಬಿಗಳ ಬರಹ, ಗೋಡೆಯ ಪ್ಲಗ್ ಪಾಯಿಂಟ್, ಹಿನ್ನೆಲೆಯ ಮಾತು ಯಾವ ದೇಶದ್ದು? ಅಮೆರಿಕದ ಪ್ಲಗ್ ಪಾಯಿಂಟ್‌ನಲ್ಲಿ ಎರಡು ಚಪ್ಪಟೆ ಸೀಳು, ನಮ್ಮದರಲ್ಲಿ ದುಂಡು ತೂತು.
- ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಮೂಲ ವಿಡಿಯೊ ಸಿಗುವ ಸಾಧ್ಯತೆ ಇದೆ.
- ಊರು, ಸಮುದಾಯದ ಹೆಸರು ಇದೆ, ಆದರೆ ದಿನಾಂಕ, ಠಾಣೆ, ಪ್ರಕರಣದ ವಿವರ ಇಲ್ಲ ಎಂದಾದರೆ ಅನುಮಾನಿಸಿ.
- ನಿಜವೇ ಇರಬಹುದು ಅನಿಸಿದರೆ ಗ್ರೂಪಿಗೆ ಹಾಕಬೇಡಿ, 112ಕ್ಕೆ ಕರೆ ಮಾಡಿ. ಅಕ್ರಮ ಇದ್ದರೆ ತಡೆಯಬೇಕಾದವರು ಪೊಲೀಸರು.
- ಅಜ್ಜನ ಪೆಟ್ಟಿಗೆಯಲ್ಲೋ ತೋಟದಲ್ಲೋ ಹಳೆಯ ತೋಟಾ ಸಿಕ್ಕರೆ ಬಡಿಯುವುದು, ಬಿಚ್ಚುವುದು, ಬೆಂಕಿಗೆ ಹಾಕುವುದು ಬೇಡ. ಬೆಂಕಿಯಲ್ಲಿ ಹಿತ್ತಾಳೆ ಸಿಡಿದು ಚೂರುಗಳು ಕಣ್ಣಿಗೆ ಬಡಿಯಬಹುದು. ಮಕ್ಕಳನ್ನು ದೂರವಿಟ್ಟು ಠಾಣೆಗೆ ತಿಳಿಸಿ.

ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 353ರಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ದಾರಿ ಮಾಡಬಹುದು.

ಒಟ್ಟಾರೆಯಾಗಿ ಹೇಳುವುದಾದರೆ

ಟರೆಟ್ ಪ್ರೆಸ್ ಹಾರಿಸಿದ ಕೋಶಗಳನ್ನು ಮತ್ತೆ ತುಂಬುವ ಯಂತ್ರ. ಅಮೆರಿಕದಂಥ ದೇಶಗಳಲ್ಲಿ ಕಾನೂನುಬದ್ಧ ಹವ್ಯಾಸ, ಭಾರತದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಗಂಭೀರ ಅಪರಾಧ. ಯಂತ್ರ ಕಾಣುವ ವಿಡಿಯೊ ಯಂತ್ರ ಇದೆ ಎಂಬುದನ್ನಷ್ಟೇ ತೋರಿಸುತ್ತದೆ. ಅದು ಯಾವ ಊರು, ಯಾರ ಮನೆ ಎಂದು ಹೇಳುತ್ತಿರುವುದು ಮೇಲಿನ ಒಂದು ಸಾಲು ಮಾತ್ರ. ಆ ಸಾಲು ಬರೆದವರು ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ.