ದಾದಿಯೇ ರೋಗಿಯಾದಾಗ: ಆಸ್ಟ್ರೇಲಿಯಾದ ‘ಕಡ್ಡಾಯ ವರದಿ’ ಕಾಯ್ದೆಯಲ್ಲಿ ಬದಲಾದದ್ದೇನು?

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ವಿದೇಶಕ್ಕೆ ಹೋದ ದಾದಿಯರಲ್ಲಿ ಹಲವರು ಇಂದು ಆಸ್ಟ್ರೇಲಿಯಾದಲ್ಲಿದ್ದಾರೆ. ಮನೆಗೆ ಫೋನ್ ಮಾಡಿದಾಗ ಸಂಬಳ, ಚಳಿ, ಮಕ್ಕಳ ಶಾಲೆ ಎಲ್ಲದರ ಸುದ್ದಿಯೂ ಬರುತ್ತದೆ. ಬಾರದೆ ಉಳಿಯುವ ಸುದ್ದಿಯೂ ಇರಬಹುದು. ರಾತ್ರಿ ಪಾಳಿಯ ನಂತರ ನಿದ್ದೆಯಿಲ್ಲ, ಮನಸ್ಸು ಕುಗ್ಗಿದೆ, ಆದರೆ ಡಾಕ್ಟರರ ಬಳಿ ಹೋಗಲು ಹೆದರಿಕೆ; ಹೋದರೆ ನೋಂದಣಿಗೇ ಕುತ್ತು ಬಂದೀತು ಎಂಬ ಅಳುಕು. ಈ ಅಳುಕಿನ ಹಿಂದಿರುವುದು ‘ಕಡ್ಡಾಯ ವರದಿ’ಯ ನಿಯಮ. ಅದು 2020ರಲ್ಲಿ ಸಡಿಲಗೊಂಡಿದೆ. ಈ ವಿಷಯ ನಮ್ಮ ಮನೆಗಳಿಗೆ ತಿಳಿದಿರಬೇಕೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲಿಗೆ ಒಂದು ಸ್ಪಷ್ಟನೆ. ಮಕ್ಕಳ ಮೇಲಿನ ದೌರ್ಜನ್ಯವನ್ನು ವರದಿ ಮಾಡುವ ಕಾನೂನುಗಳೂ ಅಲ್ಲಿವೆ. ಪಾಪನಿವೇದನೆಯ ಗೌಪ್ಯತೆಯ ಬಗ್ಗೆ ಚರ್ಚೆ ಎದ್ದದ್ದು ಆ ಕಾನೂನುಗಳಿಂದ. ನಾವು ಇಲ್ಲಿ ಹೇಳುತ್ತಿರುವುದು ಅದಲ್ಲ. ವೈದ್ಯರು, ದಾದಿಯರು, ಔಷಧ ತಜ್ಞರು ಮುಂತಾದವರು ತಮ್ಮಂತಹ ಇನ್ನೊಬ್ಬರ ಬಗ್ಗೆ ನೀಡಬೇಕಾದ ವರದಿಯ ಕುರಿತು.

ಇಂತಹ ನಿಯಮ ಏಕೆ ಬೇಕಾಯಿತು? ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬುಂಡಾಬರ್ಗ್ ಆಸ್ಪತ್ರೆಯ ಪ್ರಕರಣವನ್ನು ನೋಡಿದರೆ ಅರ್ಥವಾಗುತ್ತದೆ. 2003ರಿಂದ 2005ರವರೆಗೆ ಅಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದವರು ಭಾರತದಲ್ಲಿ ಹುಟ್ಟಿದ ಡಾ. ಜಯಂತ್ ಪಟೇಲ್. ಅಮೆರಿಕದಲ್ಲಿ ತಮ್ಮ ಮೇಲೆ ಹೇರಲಾಗಿದ್ದ ನಿರ್ಬಂಧಗಳನ್ನು ಅವರು ಮುಚ್ಚಿಟ್ಟಿದ್ದರು. ತೀವ್ರ ನಿಗಾ ಘಟಕದ ಹಿರಿಯ ದಾದಿ ಟೋನಿ ಹಾಫ್‌ಮನ್ ಅವರು ಆಡಳಿತಕ್ಕೆ ದೂರು ಕೊಟ್ಟರೂ ಫಲವಾಗಲಿಲ್ಲ. ಕೊನೆಗೆ ಅವರು ಶಾಸಕರೊಬ್ಬರ ಬಾಗಿಲು ತಟ್ಟಿದರು, 2005ರ ಮಾರ್ಚ್‌ನಲ್ಲಿ ವಿಷಯ ರಾಜ್ಯದ ಸಂಸತ್ತಿಗೆ ಬಂತು. ಪಟೇಲರಿಗೆ 2010ರಲ್ಲಿ ವಿಧಿಸಿದ ನರಹತ್ಯೆಯ ಶಿಕ್ಷೆಯನ್ನು ಉನ್ನತ ನ್ಯಾಯಾಲಯ 2012ರಲ್ಲಿ ರದ್ದುಗೊಳಿಸಿತು. ನೋಂದಣಿಗಾಗಿ ವಂಚಿಸಿದ ತಪ್ಪನ್ನು ಮಾತ್ರ ಅವರು 2013ರಲ್ಲಿ ಒಪ್ಪಿಕೊಂಡರು. ಕೋರ್ಟಿನ ಕಥೆ ಹೀಗೆ ಮುಗಿಯಿತು. ಆದರೆ ಒಬ್ಬ ದಾದಿ ಇಷ್ಟೊಂದು ಬಾಗಿಲು ತಟ್ಟಬೇಕಾಯಿತಲ್ಲ ಎಂಬ ಪ್ರಶ್ನೆ ಉಳಿಯಿತು.

ನ್ಯೂ ಸೌತ್ ವೇಲ್ಸ್ ರಾಜ್ಯ 2008ರಲ್ಲೇ ವೈದ್ಯರಿಗೆ ವರದಿಯನ್ನು ಕಡ್ಡಾಯ ಮಾಡಿತ್ತು. 2010ರ ಜುಲೈ 1ರಂದು ಇಡೀ ದೇಶಕ್ಕೆ ಒಂದೇ ‘ರಾಷ್ಟ್ರೀಯ ಕಾನೂನು’ ಬಂತು, ಕೆಲವು ತಿಂಗಳ ನಂತರ ಪಶ್ಚಿಮ ಆಸ್ಟ್ರೇಲಿಯಾವೂ ಸೇರಿಕೊಂಡಿತು. ನೋಂದಣಿಯ ಕೆಲಸ ನೋಡುವ ಸಂಸ್ಥೆಯೇ ‘ಆಪ್ರಾ’; ನಮ್ಮ ದಾದಿಯರಿಗೆಲ್ಲ ಈ ಹೆಸರು ಚಿರಪರಿಚಿತ. ನಾಲ್ಕು ವಿಷಯಗಳಲ್ಲಿ ವರದಿ ಕಡ್ಡಾಯ: ಅಮಲಿನಲ್ಲಿ ಕೆಲಸ ಮಾಡುವುದು, ವೃತ್ತಿಯಲ್ಲಿ ಲೈಂಗಿಕ ದುರ್ನಡತೆ, ಕೆಲಸದ ಸಾಮರ್ಥ್ಯವನ್ನು ಕುಂದಿಸುವ ಕಾಯಿಲೆಯಿಂದ ಜನರಿಗೆ ಅಪಾಯ ಒಡ್ಡುವುದು, ವೃತ್ತಿಯ ಮಟ್ಟದಿಂದ ಬಹಳ ಕೆಳಗಿಳಿದು ಜನರಿಗೆ ಹಾನಿಯ ಅಪಾಯ ತರುವುದು. ಸಹೋದ್ಯೋಗಿಗಳೂ ಉದ್ಯೋಗದಾತರೂ ಇದಕ್ಕೆ ಬದ್ಧರು. ಸದುದ್ದೇಶದಿಂದ ವರದಿ ಮಾಡಿದವರಿಗೆ ಕಾನೂನಿನ ರಕ್ಷಣೆಯಿದೆ.

ತೊಡಕು ಬಂದದ್ದು ಮೂರನೆಯದರಲ್ಲಿ. ವರದಿ ಮಾಡಬೇಕಾದವರಲ್ಲಿ ರೋಗಿಯಾದ ದಾದಿಗೆ ಚಿಕಿತ್ಸೆ ನೀಡುವ ವೈದ್ಯರೂ ಸೇರಿದ್ದರು. ಮನಬಿಚ್ಚಿ ಮಾತಾಡಬೇಕಾದ ಕೋಣೆಯಲ್ಲೇ ವರದಿಯ ಭಯ! ಪಶ್ಚಿಮ ಆಸ್ಟ್ರೇಲಿಯಾ ಮಾತ್ರ ಚಿಕಿತ್ಸೆ ನೀಡುವವರಿಗೆ ಆರಂಭದಿಂದಲೇ ವಿನಾಯಿತಿ ಕೊಟ್ಟಿತ್ತು. ವೈದ್ಯರ ಸಂಘಟನೆಗಳು ಎಲ್ಲೆಡೆಯೂ ಹಾಗೆಯೇ ಆಗಲಿ ಎಂದು ಒತ್ತಾಯಿಸಿದವು. ಕಾಯಿಲೆಯನ್ನು ಬಚ್ಚಿಟ್ಟು ಕೆಲಸಕ್ಕೆ ಬರುವವರು ಚಿಕಿತ್ಸೆ ಪಡೆಯುತ್ತಿರುವವರಿಗಿಂತ ರೋಗಿಗಳಿಗೆ ಹೆಚ್ಚು ಅಪಾಯಕಾರಿ ಎಂಬುದು ಅವರ ವಾದವಾಗಿತ್ತು. ನಮಗೂ ಅದು ಸರಿಯೆನಿಸುತ್ತದೆ.

ಪೂರ್ತಿ ವಿನಾಯಿತಿ ಸಿಗಲಿಲ್ಲ. 2019ರಲ್ಲಿ ಅಂಗೀಕಾರವಾಗಿ 2020ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ನಡುದಾರಿ ಹಿಡಿಯಿತು. ಕಾಯಿಲೆ, ಅಮಲು, ವೃತ್ತಿಯ ಮಟ್ಟ ಈ ಮೂರರಲ್ಲಿ ಜನರಿಗೆ ‘ಗಣನೀಯ ಹಾನಿಯ ಅಪಾಯ’ ಇದೆ ಎಂದು ಸಕಾರಣವಾಗಿ ನಂಬಿದರೆ ಮಾತ್ರ ಚಿಕಿತ್ಸೆ ನೀಡುವ ವೈದ್ಯರು ವರದಿ ಮಾಡಬೇಕು. ಕಾಯಿಲೆ ಎಷ್ಟು ತೀವ್ರ, ಅದನ್ನು ಹತೋಟಿಯಲ್ಲಿಡಲು ಆ ವ್ಯಕ್ತಿ ಏನು ಮಾಡುತ್ತಿದ್ದಾರೆ, ಚಿಕಿತ್ಸೆಯಿಂದ ಎಷ್ಟು ನಿಭಾಯಿಸಬಹುದು ಎಂಬುದನ್ನೆಲ್ಲ ಅವರು ಗಣನೆಗೆ ತೆಗೆದುಕೊಳ್ಳಬಹುದು. ಲೈಂಗಿಕ ದುರ್ನಡತೆಗೆ ಮಾತ್ರ ಈ ಸಡಿಲಿಕೆ ಇಲ್ಲ, ಇರಲೂ ಕೂಡದು. 2025ರ ತಿದ್ದುಪಡಿಯಂತೂ ನ್ಯಾಯಮಂಡಳಿಯಲ್ಲಿ ಅದು ಸಾಬೀತಾದರೆ ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ಶಾಶ್ವತವಾಗಿ ಕಾಣುವಂತೆ ಮಾಡುತ್ತದೆ.

ಕಾಗದದ ಮೇಲೆ ಬದಲಾದದ್ದು ಮನಸ್ಸಿನಲ್ಲಿ ಅಷ್ಟು ಬೇಗ ಬದಲಾಗದು. 2018ರಿಂದ 2021ರವರೆಗೆ ವಿಚಾರಣೆ ಎದುರಿಸುತ್ತಿದ್ದವರಲ್ಲಿ 16 ಮಂದಿ ಆತ್ಮಹತ್ಯೆಯಿಂದ, ಅಥವಾ ಹಾಗೆಂದು ಶಂಕಿಸಲಾದ ರೀತಿಯಲ್ಲಿ, ಮೃತಪಟ್ಟರೆಂದು ಆಪ್ರಾ ಸಂಸ್ಥೆಯೇ 2023ರಲ್ಲಿ ಪ್ರಕಟಿಸಿತು. ತನ್ನ ಪ್ರಕ್ರಿಯೆಯನ್ನು ಹೆಚ್ಚು ಮಾನವೀಯಗೊಳಿಸಬೇಕೆಂದು ಅದು ಒಪ್ಪಿಕೊಂಡಿದೆ.

ನಮ್ಮ ದೇಶದಲ್ಲಿ ಹೇಗೆ ಎಂದು ಕೆಲವರು ಕೇಳಬಹುದು. ಸಹವೈದ್ಯರ ಅಸಮರ್ಥತೆ, ಅಪ್ರಾಮಾಣಿಕತೆಯನ್ನು ಭಯ-ಪಕ್ಷಪಾತವಿಲ್ಲದೆ ಬಯಲಿಗೆ ತರಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ. ಅದರ ಬದಲಿಗೆ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿಯಲಾಯಿತು.

ಮಗಳೋ ಸೊಸೆಯೋ ಆಸ್ಟ್ರೇಲಿಯಾದಲ್ಲಿ ದುಡಿಯುತ್ತಿರುವ ಮನೆಯವರು ಈ ಮಾತನ್ನು ಅವರ ಕಿವಿಗೆ ಹಾಕಿರಿ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು, ಆಪ್ತಸಮಾಲೋಚಕರನ್ನು ಕಾಣುವುದು, ರಜೆ ಹಾಕಿ ಸುಧಾರಿಸಿಕೊಳ್ಳುವುದು ಇವು ತಾವಾಗಿಯೇ ವರದಿಗೆ ಕಾರಣವಲ್ಲ. ಚಿಕಿತ್ಸೆ ಪಡೆಯುತ್ತಿರುವುದು ಅವರ ಪರವಾಗಿಯೇ ಲೆಕ್ಕಕ್ಕೆ ಬರುತ್ತದೆ. ಆದರೆ ಈ ಸಡಿಲಿಕೆ ಚಿಕಿತ್ಸೆ ನೀಡುವವರಿಗೆ ಮಾತ್ರ. ಜೊತೆಗೆ ಕೆಲಸ ಮಾಡುವವರಿಗೂ ಮೇಲಧಿಕಾರಿಗೂ ನಿಯಮ ಬೇರೆ. ಆದ್ದರಿಂದ ವಾರ್ಡಿನ ಗೆಳತಿಯ ಬಳಿ ಹೇಳಿಕೊಂಡು ಸುಮ್ಮನಾಗುವ ಬದಲು ಮೊದಲು ವೈದ್ಯರನ್ನೇ ಕಾಣಲಿ.