ವಾಸನೆ ಬರಲಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ

ಕೆನಡಾದಿಂದ ನನ್ನ ಅಕ್ಕನ ಮಗಳು ವಿಡಿಯೋ ಕಾಲ್ ಮಾಡಿದ್ಲು. ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಅವಳೂ ಅವಳ ಗಂಡನೂ ಒಂದು ಹಳೇ ಮನೆ ಕೊಂಡಿದ್ದಾರೆ. 1970ರ ದಶಕದಲ್ಲಿ ಕಟ್ಟಿದ್ದು. ಹಾಲ್‌ನ ಗೋಡೆಯಲ್ಲಿ ಸೌದೆ ಉರಿಸುವ ಇಟ್ಟಿಗೆ ಗೂಡು, ಅದರ ಮೇಲೆ ಚಿಮಣಿ. ಸೌದೆ ತರೋಕೆ, ಬೂದಿ ಬಳಿಯೋಕೆ ಇಬ್ಬರಿಗೂ ಪುರುಸೊತ್ತಿಲ್ಲ.

"ಮಾಮ, ಅದನ್ನ ತೆಗೆಸಿ ಗ್ಯಾಸ್ ಫೈರ್‌ಪ್ಲೇಸ್ ಹಾಕಿಸ್ತಿದ್ದೀವಿ. ಜನವರಿಗೆ ಅಮ್ಮ ಬಾಣಂತನಕ್ಕೆ ಬರ್ತಾಳಲ್ಲ, ಇಲ್ಲಿನ ಚಳಿ ಅವಳು ತಡ್ಕೊಳ್ಳಲ್ಲ" ಅಂದ್ಲು.

ಒಳ್ಳೇದೇ. ಆದರೆ ಅವಳ ಕೈಯಲ್ಲಿ ಎರಡು ಲೆಕ್ಕ ಇದ್ದವು. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಏಳು ಸಾವಿರ ಡಾಲರ್ ಕೇಳಿದ್ದ. ಪರಿಚಯದವರೊಬ್ಬರು ಮೂರು ಸಾವಿರಕ್ಕೆ, ಒಂದೇ ಶನಿವಾರದಲ್ಲಿ ಮುಗಿಸಿಕೊಡ್ತೀನಿ ಅಂದಿದ್ದರು. "ಪೈಪ್ ಜೋಡಿಸೋದಷ್ಟೇ ತಾನೇ ಮಾಮ? ಲೀಕ್ ಇದ್ರೆ ವಾಸನೆ ಬಂದೇ ಬರತ್ತಲ್ಲ?"

ಆ ಕೊನೇ ಮಾತು ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ಯಾಕಂದ್ರೆ ಆ ಮಾತನ್ನ ಅವಳಿಗೆ ಕಲಿಸಿದ್ದು ನಾನೇ. ನನ್ನಂಥವರೇ.

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಮನೆಯ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಹೆಣವಾಗಿ ಸಿಕ್ಕಿದ್ದರು. ಕ್ಯಾಮೆರಾ ಮುಂದೆ ಕೂತು ನಾನು "ಅನಿಲ ಸೋರಿಕೆ, ಅನಿಲ ಸೋರಿಕೆ" ಅಂತ ಇಪ್ಪತ್ತು ನಿಮಿಷ ಮಾತಾಡಿದೆ. "ಗ್ಯಾಸ್ ವಾಸನೆ ಬಂದ ತಕ್ಷಣ ಕಿಟಕಿ ತೆಗೀರಿ" ಅಂತ ಉಪದೇಶವನ್ನೂ ಕೊಟ್ಟೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ವೈದ್ಯರು ಫೋನ್ ಮಾಡಿದರು. "ಸೋರಿಕೆ ಅಲ್ಲ ಸರ್, ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯೇ ಇಲ್ಲ. ವಾಸನೆ ಬರಲಿ ಅಂತ ಕಾದವರು ಏಳೋದೇ ಇಲ್ಲ" ಅಂದರು. ಮರುದಿನ ತಿದ್ದುಪಡಿ ಹೇಳಿದೆ. ಎರಡೇ ವಾಕ್ಯ. ತಪ್ಪು ಹೇಳೋಕೆ ಇಪ್ಪತ್ತು ನಿಮಿಷ, ಸರಿ ಹೇಳೋಕೆ ಹತ್ತು ಸೆಕೆಂಡ್! ಆ ಬಾಕಿ ಇವತ್ತಿಗೂ ನನ್ನ ಮೇಲಿದೆ. ಅದಕ್ಕೇ ಈ ಮಾತು.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ಉರಿಯದೆ ಹಾಗೇ ಸೋರುವ ಗ್ಯಾಸ್ ಬೇರೆ, ಉರಿದ ಮೇಲೆ ಹೊರಬರುವ ಅನಿಲ ಬೇರೆ. ಅಡುಗೆ ಗ್ಯಾಸ್‌ಗಾಗಲಿ, ಕೆನಡಾದಲ್ಲಿ ಪೈಪ್ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲಕ್ಕಾಗಲಿ ತನ್ನದೇ ಗಾಢ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸ್ತಾರೆ. ಗ್ಯಾಸ್ ಉರಿದಾಗ ಆ ರಾಸಾಯನಿಕವೂ ಸುಟ್ಟುಹೋಗುತ್ತೆ. ಉರಿಯೋಕೆ ಗಾಳಿ ಸಾಕಷ್ಟು ಸಿಕ್ಕಿದರೆ ಹುಟ್ಟೋದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಗಾಳಿ ಸಾಲದೇ ಹೋದರೆ ಹುಟ್ಟೋದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನ ಹಿಡ್ಕೊಳ್ಳುತ್ತೆ. ತಲೆನೋವು, ವಾಕರಿಕೆ, ಸುಸ್ತು, ಆಮೇಲೆ ನಿದ್ದೆ. ಫ್ಲೂ ಬಂದಿರಬೇಕು ಅಂತ ಮಲಗ್ತಾರೆ.

ಇದು ಕಥೆಯಲ್ಲ. ನಮ್ಮ ಹುಡುಗಿ ಇರುವ ಒಂಟಾರಿಯೊ ಪ್ರಾಂತ್ಯದಲ್ಲೇ, ಟೊರಾಂಟೊದ ಪಶ್ಚಿಮಕ್ಕೆ ವುಡ್‌ಸ್ಟಾಕ್ ಅಂತ ಒಂದು ಊರು. 2008ರ ಚಳಿಗಾಲದಲ್ಲಿ ಅಲ್ಲಿ ಒಬ್ಬ ಪೊಲೀಸ್ ಅಧಿಕಾರಿ, ಆಕೆಯ ಗಂಡ, ಇಬ್ಬರು ಮಕ್ಕಳು, ಇಡೀ ಕುಟುಂಬ ಸತ್ತುಹೋಯಿತು. ಕಾರಣ ಮನೆಯ ಗ್ಯಾಸ್ ಫೈರ್‌ಪ್ಲೇಸ್. ಅದರಿಂದ ಅನಿಲ ಹೊರಹೋಗುವ ದಾರಿ ಮುಚ್ಚಿಹೋಗಿತ್ತು. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿಲ್ಲ. ಆ ಕುಟುಂಬದ ಸಂಬಂಧಿಯೊಬ್ಬರು, ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ವರ್ಷಗಟ್ಟಲೆ ಹೋರಾಡಿದರು. 2013ರಲ್ಲಿ ಒಂಟಾರಿಯೊದಲ್ಲಿ ಹಾಕಿನ್ಸ್ ಗಿಗ್ನ್ಯಾಕ್ ಕಾಯ್ದೆ ಬಂತು. ಗ್ಯಾಸ್, ಸೌದೆ, ಎಣ್ಣೆ ಉರಿಸುವ ಉಪಕರಣ ಇರುವ ಮನೆಗಳಲ್ಲಿ, ಮಲಗುವ ಕೋಣೆಗಳ ಹತ್ತಿರ ಈ ಅಲಾರಂ ಕಡ್ಡಾಯ ಆಯ್ತು. ನಾಲ್ಕು ಜೀವ ಹೋದ ಮೇಲೆ.

ಹಾಗಾದ್ರೆ ಗ್ಯಾಸ್ ಫೈರ್‌ಪ್ಲೇಸ್ ಹಾಕಿಸಲೇಬಾರದಾ? ಹಾಕಿಸಬಹುದು. ಆದರೆ ಅಂಗಡಿಗೆ ಹೋದವರು ಜ್ವಾಲೆ ಚೆನ್ನಾಗಿದೆಯಾ, ಸುಳ್ಳು ಸೌದೆ ನಿಜದ ಥರ ಕಾಣುತ್ತಾ ಅಂತ ನೋಡ್ತಾರೆ. ನೋಡಬೇಕಾದ್ದು ಬೇರೆ. ಈ ಬೆಂಕಿ ಉಸಿರು ಎಲ್ಲಿಂದ ಎಳ್ಕೊಳ್ಳುತ್ತೆ? ಎಲ್ಲಿಗೆ ಬಿಡುತ್ತೆ? ಇವೆರಡೇ ಪ್ರಶ್ನೆ.

ಇದರಲ್ಲಿ ಮೂರು ಜಾತಿ. ಮೊದಲನೆಯದು ವೆಂಟ್ ಇಲ್ಲದ್ದು. ಮನೆಯ ಗಾಳಿಯನ್ನೇ ಎಳ್ಕೊಂಡು ಮನೆಯೊಳಗೇ ಬಿಡುತ್ತೆ. ಶಾಖ ಒಂಚೂರೂ ಹೊರಗೆ ಹೋಗಲ್ಲ ಅಂತ ಮಾರುವವರು ಹೇಳ್ತಾರೆ. ನಿಜವೇ. ಆದರೆ ವಿಷಾನಿಲವೂ ಹೊರಗೆ ಹೋಗಲ್ಲ. ಜೊತೆಗೆ ನೀರಾವಿ. ಗಂಟೆಗೆ 30,000 ಬಿಟಿಯು ಶಾಖ ಕೊಡುವ ಉರಿಯಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಬರುತ್ತೆ. ಚಳಿ ದೇಶದ ಮನೆಗೆ ಗಾಳಿ ಆಡದ ಹಾಗೆ ಬಿಗಿ ಮಾಡಿರ್ತಾರೆ. ಆ ಆವಿ ಕಿಟಕಿ, ಗೋಡೆ ಮೇಲೆ ನೀರಾಗಿ ಕೂತು ಬೂಷ್ಟು ಹಿಡಿಯುತ್ತೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇದು ಮಾರಾಟಕ್ಕಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಗಳಿಗೆ ನಿಷೇಧ, ಕೆನಡಾದಲ್ಲೂ ಮನೆಯೊಳಗೆ ಒಪ್ಪಿಗೆ ಇಲ್ಲ.

ಎರಡನೆಯದು, ಮನೆಯ ಗಾಳಿ ಎಳ್ಕೊಂಡು ಚಿಮಣಿಯಲ್ಲಿ ಹೊರಗೆ ಬಿಡೋದು. ಬಿಸಿ ಗಾಳಿ ತಾನಾಗೇ ಮೇಲೇರುತ್ತೆ ಅನ್ನೋ ನಂಬಿಕೆಯ ಮೇಲೆ ಇದು ನಡೆಯುತ್ತೆ. ಆದರೆ ಬಿಗಿಯಾದ ಮನೆಯಲ್ಲಿ ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ. ಒಳಗಿನ ಗಾಳಿ ಹೊರಗೆ ಹೋಗ್ತಾ ಹೋಗ್ತಾ ಒಳಗೆ ಒತ್ತಡ ಇಳಿಯುತ್ತೆ. ಆ ಕೊರತೆ ತುಂಬೋಕೆ ಗಾಳಿ ಎಲ್ಲಿಂದಾದರೂ ಬರಬೇಕಲ್ಲ? ಚಿಮಣಿಯಿಂದಲೇ ಬರುತ್ತೆ. ಮೇಲೆ ಹೋಗಬೇಕಾದ ಅನಿಲ ಕೆಳಗಿಳಿದು ಹಾಲ್‌ಗೆ ಬರುತ್ತೆ.

ಮೂರನೆಯದು ಡೈರೆಕ್ಟ್ ವೆಂಟ್. ಮುಂದೆ ಗಾಜು, ಪೂರ್ತಿ ಸೀಲ್. ಎರಡು ದಾರಿ. ಒಂದರಲ್ಲಿ ಹೊರಗಿನ ಗಾಳಿ ಒಳಗೆ, ಇನ್ನೊಂದರಲ್ಲಿ ಸುಟ್ಟ ಅನಿಲ ಹೊರಗೆ. ಮನೆಯವರ ಉಸಿರಿಗೂ ಬೆಂಕಿಯ ಉಸಿರಿಗೂ ಸಂಬಂಧವೇ ಇಲ್ಲ. ಹಳೇ ಇಟ್ಟಿಗೆ ಗೂಡು ಇರುವ ಮನೆಗೆ 'ಇನ್ಸರ್ಟ್' ಅಂತ ಸಿಗುತ್ತೆ. ಗೂಡಿನೊಳಗೆ ಪೆಟ್ಟಿಗೆ ಕೂರಿಸಿ, ಚಿಮಣಿಯೊಳಗೆ ಬಾಗುವ ಎರಡು ಲೋಹದ ಕೊಳವೆಗಳನ್ನ ತುದಿಯವರೆಗೆ ಇಳಿಬಿಡ್ತಾರೆ. ಚಳಿ ದೇಶದ ಬಿಗಿ ಮನೆಗೆ ಒಪ್ಪುವಂಥದ್ದು ಇದೇ. ನಮ್ಮ ಹುಡುಗಿಗೂ ಇದನ್ನೇ ಹೇಳಿದೆ.

ಇನ್ನು ಏಳು ಸಾವಿರ ಯಾಕೆ, ಮೂರು ಸಾವಿರ ಯಾಕೆ? ಅವಳಿಗೆ ಹೇಳಿದೆ, "ಆ ಪರಿಚಯದವರನ್ನ ಇಷ್ಟು ಕೇಳಮ್ಮ."

ಒಂದು, ಲೈಸೆನ್ಸ್. ಒಂಟಾರಿಯೊದಲ್ಲಿ ಗ್ಯಾಸ್ ಉಪಕರಣ ಜೋಡಿಸುವ ಕಂಟ್ರಾಕ್ಟರ್ ಟಿಎಸ್‌ಎಸ್‌ಎ ಅನ್ನುವ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ನಗರಸಭೆಯ ಅನುಮತಿ ಬೇಕಾ ಅನ್ನೋದನ್ನೂ ಕೆಲಸಕ್ಕೆ ಮೊದಲೇ ಕೇಳ್ಕೋಬೇಕು.

ಎರಡು, ಪೈಪಿನ ಲೆಕ್ಕ. ಅವಳ ಮನೆಯಲ್ಲಿ ಬಿಸಿಗಾಳಿಯ ಫರ್ನೇಸ್ 80,000 ಬಿಟಿಯು, ನೀರು ಕಾಯಿಸೋದು 40,000. ಈಗ ಇನ್ನೊಂದು 30,000 ಸೇರುತ್ತೆ. ಮೂರೂ ಒಟ್ಟಿಗೆ ಉರಿದರೆ ಮೀಟರ್, ಪೈಪ್ ತಡೆಯುತ್ತಾ? ಅಕ್ಟೋಬರ್‌ನಲ್ಲಿ ಚೆನ್ನಾಗೇ ಉರಿಯುತ್ತೆ. ಮೈನಸ್ 20ರ ರಾತ್ರಿ ಎಲ್ಲಾ ಒಟ್ಟಿಗೆ ಹೊತ್ತಿಕೊಂಡಾಗ ಪೈಪ್ ಸಣ್ಣದಾದರೆ ಒತ್ತಡ ಕುಸಿಯುತ್ತೆ, ಉರಿ ಕೆಡುತ್ತೆ. ಜೋಡಿಸಿದ ಮೇಲೆ ಪೈಪಿಗೆ ಗಾಳಿ ತುಂಬಿ ಒತ್ತಡ ಇಳಿಯುತ್ತಾ ನೋಡಬೇಕು, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಬೇಕು.

ಮೂರು, ಕೊಳವೆಯ ಬಾಯಿ. ಗೋಡೆಯಿಂದ ಹೊರಗೆ ಬರುವ ಥರದ್ದಾದರೆ ಅದು ಕಿಟಕಿಗೆ ಅಂಟಿಕೊಂಡಿರಬಾರದು, ನೆಲಕ್ಕೆ ಹತ್ತಿರ ಇರಬಾರದು. ಚಳಿ ದೇಶದಲ್ಲಿ ನೆಲ ಅಂದ್ರೆ ಮಣ್ಣಲ್ಲ, ಹಿಮ. ಆ ಊರಲ್ಲಿ ಹಿಮ ಎಷ್ಟು ಎತ್ತರ ಕೂರುತ್ತೋ ಅದಕ್ಕಿಂತ ಮೇಲಿರಬೇಕು. ಹಿಮ ಬಿದ್ದ ಬೆಳಗ್ಗೆ ಕಾರಿನ ಹಿಮ ತೆಗೆಯೋ ಮೊದಲು ಆ ಬಾಯಿಯ ಹಿಮ ತೆಗೀಬೇಕು.

ನಾಲ್ಕು, ಕರೆಂಟ್ ಹೋದರೆ? ಕೆನಡಾದಲ್ಲಿ ಕರೆಂಟ್ ಹೋಗುತ್ತಾ ಅಂತ ನಗಬೇಡಿ. 2013ರ ಡಿಸೆಂಬರ್‌ನಲ್ಲಿ ಟೊರಾಂಟೊದಲ್ಲಿ ಮಂಜುಗಡ್ಡೆಯ ಮಳೆ ಸುರಿದು ಮರಗಳು ತಂತಿಗಳ ಮೇಲೆ ಬಿದ್ದವು. 3 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಇಲ್ಲ, ಕೆಲವರಿಗೆ ಕ್ರಿಸ್‌ಮಸ್ ಕಳೆದರೂ ಬರಲಿಲ್ಲ. ಫರ್ನೇಸ್‌ನಲ್ಲಿ ಗ್ಯಾಸ್ ಇದ್ದರೂ ಅದರ ಫ್ಯಾನ್ ತಿರುಗೋಕೆ ಕರೆಂಟ್ ಬೇಕಲ್ಲ? ಚಳಿ ತಾಳಲಾರದೆ ಜನ ಇದ್ದಿಲ ಗ್ರಿಲ್ ಒಳಗೆ ತಂದು ಉರಿಸಿ ಆಸ್ಪತ್ರೆ ಸೇರಿದರು. ಗ್ಯಾಸ್ ಫೈರ್‌ಪ್ಲೇಸ್‌ನ ನಿಜವಾದ ಉಪಯೋಗ ಇಲ್ಲಿದೆ. ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆ ಇರುವ ಮಾದರಿಗಳು ಆ ಜ್ವಾಲೆಯ ಬಿಸಿಯಿಂದಲೇ ಒಂದು ವೋಲ್ಟ್‌ಗಿಂತ ಕಡಿಮೆ ವಿದ್ಯುತ್ ಮಾಡ್ಕೊಂಡು ಗ್ಯಾಸ್ ವಾಲ್ವ್ ತೆರೀತವೆ. ಹೊರಗಿನ ಕರೆಂಟ್ ಬೇಡ. ಬೇಕಾದಾಗ ಮಾತ್ರ ಕಿಡಿ ಹೊತ್ತಿಸುವ ಹೊಸ ಮಾದರಿಗಳಿಗೆ ಬ್ಯಾಟರಿ ಇಡುವ ಜಾಗ ಇದೆಯಾ ಅಂತ ನೋಡಿ ತಗೋಬೇಕು.

ಐದು, ಗಾಜು. ಬಾಣಂತನದ ಮನೆ. ಮಗು ವರ್ಷ ತುಂಬೋಕೆ ಮೊದಲೇ ಅಂಬೆಗಾಲಿಡುತ್ತೆ. ಈ ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಆರಿಸಿದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತೆ. 2015ರಿಂದ ಹೊಸ ಫೈರ್‌ಪ್ಲೇಸ್‌ಗಳಿಗೆ ಗಾಜಿನ ಮುಂದೆ ರಕ್ಷಣೆಯ ಜಾಲರಿ ಕೊಡಲೇಬೇಕು ಅನ್ನೋ ಮಾನದಂಡ ಬಂದಿದೆ. "ನೋಟ ಕೆಡುತ್ತೆ" ಅಂತ ಅದನ್ನ ಬಿಚ್ಚಿಡೋರು ಇದ್ದಾರೆ. ಬಿಚ್ಚಬೇಡಿ.

ಇಷ್ಟು ಕೇಳಿದಾಗ ಆ ಪರಿಚಯದವರ ಉತ್ತರ ಒಂದೇ. "ಇಷ್ಟೆಲ್ಲಾ ಯಾರು ಮಾಡ್ತಾರೆ? ನಾನು ಎಷ್ಟೋ ಮನೆಗೆ ಹಾಕಿದ್ದೀನಿ, ಏನೂ ಆಗಿಲ್ಲ." ಈ ಮಾತು ನಮಗೆ ಹೊಸದಾ? ನಮ್ಮಲ್ಲಿ ಗೀಸರ್ ಹಾಕುವವನೂ ಇದನ್ನೇ ಹೇಳ್ತಾನೆ.

ಹುಡುಗಿ ಏಳು ಸಾವಿರದ ಕಡೆಗೇ ಹೋದ್ಲು. ಸೋಫಾ ಕೊಳ್ಳೋದನ್ನ ಮುಂದಕ್ಕೆ ಹಾಕಿದ್ಲು. ಜನವರಿಯಲ್ಲಿ ಅಕ್ಕ ಅಲ್ಲಿಂದ ಫೋನ್ ಮಾಡಿದಳು. "ಬೆಂಕಿ ಮುಂದೆ ಕೂತ್ಕೊಂಡಿದ್ದೀನಿ ಕಣೋ. ನಮ್ಮಜ್ಜಿ ಮನೆ ಬಚ್ಚಲ ಒಲೆ ನೆನಪಾಯ್ತು. ಹೊಗೆ ಒಂದು ಇಲ್ಲ ನೋಡು. ಮೆಟ್ಟಿಲ ಹತ್ರ ಗೋಡೆ ಮೇಲೆ ಒಂದು ಬಿಳೀ ಡಬ್ಬಿ ಇಟ್ಟಿದ್ದಾರೆ, ತಿಂಗಳಿಗೊಮ್ಮೆ ಒತ್ತಿ ಕೂಗಿಸ್ತಾರೆ, ಅದೇನೋ?"

ಅದೇ ಅಕ್ಕ, ಅಲಾರಂ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಕಾಲು ಗಂಟೆಯೊಳಗೆ ಕೂಗುತ್ತೆ. ನಮ್ಮ ಮೂಗು ಮಾಡಲಾಗದ ಕೆಲಸವನ್ನ ಅದು ಮಾಡುತ್ತೆ.

ಅಜ್ಜಿ ಮನೆಯ ಬಚ್ಚಲಿಗೆ ಹಂಚಿನ ಸಂದಿ ಇತ್ತು, ಹೊಗೆ ಹೋಗೋಕೆ ಕಿಂಡಿ ಇತ್ತು. ಹೊಗೆಯೇ ಎಚ್ಚರಿಕೆ ಕೊಡ್ತಿತ್ತು. ಇವತ್ತು ನಮ್ಮ ಅಪಾರ್ಟ್‌ಮೆಂಟ್ ಬಾತ್‌ರೂಮಿಗೆ ಟೈಲ್ಸ್ ಇದೆ, ಗಾಜಿನ ಕಿಟಕಿ ಇದೆ, ಚಳಿಗೆ ಅದನ್ನೂ ಮುಚ್ಚಿರ್ತೀವಿ. ಒಳಗೆ ಹೊಗೆ ಕಾಣದ ನೀಲಿ ಉರಿ.

ಬಾಕಿ ಇದ್ದ ಮಾತು ಇದು. ನಿಮ್ಮ ಮನೆಯ ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗಿದ್ದರೆ ಅದನ್ನ ಗಾಳಿ ಆಡುವ ಹೊರಗಿನ ಜಾಗಕ್ಕೆ ಹಾಕಿಸಿ. ಆಗುವವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆಗೆದು ಆಮೇಲೆ ಸ್ನಾನಕ್ಕೆ ಹೋಗಿ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತಿದರೆ ಮೊದಲು ಹೊರಗಿನ ಗಾಳಿಗೆ ಕರ್ಕೊಂಡು ಬನ್ನಿ, ಆಮೇಲೆ ಆಸ್ಪತ್ರೆ. ವಾಸನೆ ಬರುತ್ತಾ ಅಂತ ಮಾತ್ರ ಕಾಯಬೇಡಿ. ಹಾಗೆ ಕಾಯೋಕೆ ಹೇಳಿದವನು ನಾನು. ತಪ್ಪು ಹೇಳಿದ್ದೆ.